ಆರು ಗಂಟೆಯ ಕೆಳಗಿನ ಎರಡು ಪದಗಳು

ಕೈಗಡಿಯಾರಕ್ಕೆ ಹಣ ಕಟ್ಟಿ ಐದು ತಿಂಗಳಾಯಿತು. ಅದನ್ನು ನೆಮ್ಮದಿಯಿಂದ ಕೈಗೆ ಕಟ್ಟಿಕೊಂಡು ಎಂಟು ದಿನವಾಯಿತು. ನಡುವಿನ ಕಾಲವೆಲ್ಲ ಒಂದೇ ಪ್ರಶ್ನೆಯ ಹಿಂದೆ ಹೋಯಿತು: ಇದು ಯಾವ ದೇಶದ್ದು? ಡಯಲ್ ಒಂದು ಹೇಳಿತು, ಸುಂಕದ ಕಾಗದ ಇನ್ನೊಂದು ಹೇಳಿತು, ಡಬ್ಬಿಯ ತಳದಲ್ಲಿ ಮೂರನೆಯದು ಇತ್ತು, ಪಟ್ಟಿಯ ಒಳಮೈಯಲ್ಲಿ ನಾಲ್ಕನೆಯದು. ಯಾವುದೂ ಬೇಕೆಂದೇ ಹೇಳಿದ ಸುಳ್ಳಲ್ಲ ಎಂದು ತಿಳಿಯುವ ಹೊತ್ತಿಗೆ ನನ್ನ ಕಡತದಲ್ಲಿ ನಲವತ್ತಕ್ಕೂ ಹೆಚ್ಚು ಹಾಳೆಗಳು ಸೇರಿದ್ದವು.

ಈ ಹುಚ್ಚಿನ ಮೂಲ ಅಪ್ಪನ ಗಡಿಯಾರ. ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಹಳೆಯ ಗಡಿಯಾರ ಅದು. ಯಾರಾದರೂ ಕೇಳಿದರೆ ಅಪ್ಪ ‘ಸ್ವಿಸ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಮುಂದಿನ ಮಾತು ಬೇಕಿರಲಿಲ್ಲ. ಡಯಲ್‌ನ ತಳದಲ್ಲಿ, ಆರು ಗಂಟೆಯ ಗುರುತಿನ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಅವನ್ನು ನಾನು ಓದಲು ಹೋಗಿರಲಿಲ್ಲ, ಅಪ್ಪ ಹೇಳಿದ್ದರಲ್ಲ. ಮುಂದೆ ಎಂದಾದರೂ ಒಂದು ಒಳ್ಳೆಯ ಗಡಿಯಾರ ಕೊಂಡರೆ ಅದರ ಮೇಲೆ ಆ ಪದ ಇರಲೇಬೇಕು ಎಂದು ಅಂದೇ ನಿಶ್ಚಯಿಸಿದ್ದೆ. ಇಪ್ಪತ್ತು ವರ್ಷ ದುಡಿದ ಮೇಲೆ ಆ ‘ಎಂದಾದರೂ’ ಬಂತು.

ಮೊದಲ ಪೆಟ್ಟು ಅಂಗಡಿಯಲ್ಲೇ ಬಿತ್ತು. ಕೈಗೆಟಕುವ ಬೆಲೆಯ ಒಂದು ಗಡಿಯಾರ ಬಹಳ ಹಿಡಿಸಿತು. ತಳದಲ್ಲಿ ‘ಸ್ವಿಸ್ ಮೂವ್‌ಮೆಂಟ್’ ಎಂದಿತ್ತು, ಎರಡನೆಯ ಪದವನ್ನು ಮೂರೇ ಅಕ್ಷರಗಳಿಗೆ ಕುಗ್ಗಿಸಿದ್ದರು. ಪಕ್ಕದ ಪೆಟ್ಟಿಗೆಯಲ್ಲಿದ್ದ ಇನ್ನೊಂದರ ಮೇಲೆ ‘ಸ್ವಿಸ್ ಮೇಡ್’. ಬೆಲೆಯಲ್ಲಿ ಮೂರು ಪಟ್ಟು ಅಂತರ. ವ್ಯತ್ಯಾಸವೇನು ಎಂದು ಕೇಳಿದೆ. ಮಾರಾಟಗಾರ ನಗುತ್ತಾ ಎರಡೂ ಒಂದೇ ಎಂದ. ಎರಡೂ ಒಂದೇ ಆಗಿದ್ದರೆ ಅವನು ಎರಡನ್ನೂ ಒಂದೇ ಬೆಲೆಗೆ ಕೊಡಬೇಕಿತ್ತಲ್ಲ ಎಂಬ ಸರಳ ತರ್ಕ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಎರಡೂ ಒಂದೇ ಅಲ್ಲ. ‘ಸ್ವಿಸ್ ಮೂವ್‌ಮೆಂಟ್’ ಎಂದರೆ ಒಳಗಿನ ಯಂತ್ರ ಮಾತ್ರ ಸ್ವಿಟ್ಜರ್ಲೆಂಡಿನ ನಿಯಮಕ್ಕೆ ಒಳಪಟ್ಟದ್ದು, ಉಳಿದ ಗಡಿಯಾರ ಎಲ್ಲಿಯದಾದರೂ ಆಗಿರಬಹುದು. ‘ಸ್ವಿಸ್’ ಎಂಬ ಒಂಟಿ ಪದಕ್ಕೂ ‘ಸ್ವಿಸ್ ಮೇಡ್’ ಎಂಬುದಕ್ಕೂ ಕಾನೂನಿನಲ್ಲಿ ಅರ್ಥ ಒಂದೇ. ಆದರೆ ಆ ಪದದ ಮುಂದೆ ‘ಮೂವ್‌ಮೆಂಟ್’, ‘ಕ್ವಾರ್ಟ್ಜ್’, ‘ಪಾರ್ಟ್ಸ್’ ಎಂದೇನಾದರೂ ಬಾಲವಿದ್ದರೆ ಆ ಬಾಲ ಯಾಕಿದೆ ಎಂದು ಅಂಗಡಿಯಲ್ಲೇ ಕೇಳಿ. ಕೇಳುವ ಮೊದಲು ಭೂತಗನ್ನಡಿ ಹಿಡಿದು ನೀವೇ ಓದಿ, ನಾಚಿಕೆ ಪಡಬೇಡಿ. ಗಡಿಯಾರದ ಅಂಗಡಿಯಲ್ಲಿ ಭೂತಗನ್ನಡಿ ಇಲ್ಲ ಎಂದರೆ ಅದೂ ಒಂದು ಉತ್ತರವೇ.

ಇದರ ಹಿಂದಿರುವುದು ಸ್ವಿಟ್ಜರ್ಲೆಂಡ್ 1971ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆಜ್ಞೆ. ಯಂತ್ರ ಆ ದೇಶದಲ್ಲಿ ಜೋಡಣೆಯಾಗಬೇಕು, ಅಲ್ಲೇ ತಪಾಸಣೆಯಾಗಬೇಕು, ಅದರ ಬಿಡಿಭಾಗಗಳ ಮೌಲ್ಯದಲ್ಲಿ ಕನಿಷ್ಠ ಅರ್ಧ ಅಲ್ಲಿಯದಾಗಿರಬೇಕು. ಅಂಥ ಯಂತ್ರವನ್ನು ಅಲ್ಲೇ ಕೇಸಿನೊಳಗೆ ಕೂರಿಸಿ, ಕೊನೆಯ ಪರೀಕ್ಷೆಯನ್ನೂ ಅಲ್ಲೇ ಮುಗಿಸಿದರೆ ಗಡಿಯಾರ ‘ಸ್ವಿಸ್’. ಕೇಸು, ಡಯಲ್, ಗಾಜು ಎಲ್ಲಿಂದ ಬಂದವು ಎಂಬ ಪ್ರಶ್ನೆ ಬಹುಕಾಲ ಏಳಲೇ ಇಲ್ಲ. 2017ರ ಜನವರಿ 1ರಿಂದ ನಿಯಮ ಬಿಗಿಯಾಯಿತು. ಈಗ ಇಡೀ ಗಡಿಯಾರದ ತಯಾರಿಕಾ ವೆಚ್ಚದಲ್ಲಿ ಕನಿಷ್ಠ ಶೇಕಡ 60ರಷ್ಟು ಆ ದೇಶದಲ್ಲೇ ಆಗಿರಬೇಕು, ತಾಂತ್ರಿಕ ವಿನ್ಯಾಸ ಮತ್ತು ಮಾದರಿ ತಯಾರಿಕೆಯೂ ಅಲ್ಲೇ ನಡೆಯಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಶೇಕಡ 60 ಎನ್ನುವುದು ಬಿಡಿಭಾಗಗಳ ಎಣಿಕೆಯಲ್ಲ, ತೂಕವೂ ಅಲ್ಲ, ವೆಚ್ಚ. ಸಂಶೋಧನೆಯ ಖರ್ಚೂ ಆ ಲೆಕ್ಕಕ್ಕೆ ಸೇರುತ್ತದೆ. ಕೂಲಿ ದುಬಾರಿಯಾದ ದೇಶದಲ್ಲಿ ವೆಚ್ಚದ ಕೊಡ ಬೇಗ ತುಂಬುತ್ತದೆ. ಹಾಗಾಗಿ ಹೊರಗಿನಿಂದ ಬಂದ ಸಾಕಷ್ಟು ಬಿಡಿಭಾಗಗಳಿರುವ ಗಡಿಯಾರವೂ ನ್ಯಾಯವಾಗಿಯೇ ಆ ಎರಡು ಪದಗಳನ್ನು ಹೊರಬಹುದು. ಪಟ್ಟಿಯಂತೂ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಡಬ್ಬಿಯೂ ಇಲ್ಲ, ಸಾಗಣೆ, ಜಾಹೀರಾತುಗಳೂ ಇಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಡಬ್ಬಿಯ ತಳದಲ್ಲಿ ‘ಮೇಡ್ ಇನ್ ಚೈನಾ’ ಎಂದು ಕಂಡ ರಾತ್ರಿ ನಾನು ನಿದ್ದೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಹೊಸ ಗಡಿಯಾರದ ಬೆಲೆ ನನ್ನ ಉಳಿತಾಯವನ್ನು ದಾಟಿತು. ಹಾಗಾಗಿ ಬಳಸಿದ್ದನ್ನು ಹುಡುಕಿದೆ. ಬೇರೆ ದೇಶದ ಒಬ್ಬ ವ್ಯಾಪಾರಿಯ ಬಳಿ ಸಿಕ್ಕಿತು: 1995ರ ಖಾತರಿ ಪತ್ರ, ಸ್ಟೀಲ್ ಕೇಸು, ತಾನಾಗಿಯೇ ಕೀ ತುಂಬಿಕೊಳ್ಳುವ ಯಂತ್ರ, ಮೊಸಳೆ ಚರ್ಮದ ಪಟ್ಟಿ. ವಿವರಣೆಯ ಕೊನೆಯಲ್ಲಿ ‘ಎಲ್ಲ ಭಾಗಗಳೂ ಮೂಲದ್ದೇ’ ಎಂಬ ವಾಕ್ಯ. ಹನ್ನೆರಡು ಛಾಯಾಚಿತ್ರಗಳಲ್ಲಿ ಡಯಲ್‌ನ ತಳದ ‘ಸ್ವಿಸ್ ಮೇಡ್’ ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಮೂರು ದಿನ ನೋಡಿದೆ, ನಾಲ್ಕನೆಯ ದಿನ ಹಣ ಕಳಿಸಿದೆ. ನೋಡಿದ್ದೇನೋ ಸರಿ, ಅದರ ಅಕ್ಕಪಕ್ಕ ಏನು ಇರಬೇಕಿತ್ತು ಎಂದು ಯೋಚಿಸಲಿಲ್ಲ.

ಹನ್ನೊಂದನೆಯ ದಿನ ಗಡಿಯಾರದ ಬದಲು ಸುಂಕ ಇಲಾಖೆಯ ಪತ್ರ ಬಂತು. ‘ಮೂಲ ದೇಶದ ಬಗ್ಗೆ ಸ್ಪಷ್ಟನೆ ಬೇಕು.’ ವ್ಯಾಪಾರಿ ನಮೂನೆಯಲ್ಲಿ ಮೂಲ ದೇಶದ ಕಲಮಿನಲ್ಲಿ ತನ್ನದೇ ದೇಶದ ಹೆಸರು ಬರೆದಿದ್ದ. ಪಾರ್ಸೆಲ್ ಹೊರಟದ್ದು ಅಲ್ಲಿಂದ, ಅವನಿಗೆ ಅದೇ ಮೂಲ. ಆದರೆ ಕಳಿಸಿದ ದೇಶಕ್ಕೂ ಮೂಲ ದೇಶಕ್ಕೂ ಬೇರೆಬೇರೆ ಕಲಮುಗಳಿರುವುದು ಸುಮ್ಮನೆ ಅಲ್ಲ. ತಯಾರಾದ ಗಡಿಯಾರ ಎಷ್ಟು ಗಡಿ ದಾಟಿದರೂ, ಎಷ್ಟು ಕೈ ಬದಲಾದರೂ ಅದರ ಮೂಲ ಬದಲಾಗುವುದಿಲ್ಲ. ಜೊತೆಗೆ ಅವನು ಹಾಕಿದ್ದ ಸುಂಕದ ಸಂಖ್ಯೆಯೂ ತಪ್ಪಾಗಿತ್ತು. ಜಗತ್ತಿನಾದ್ಯಂತ ಬಳಸುವ ಸರಕು ವರ್ಗೀಕರಣದಲ್ಲಿ ಗಡಿಯಾರಗಳದು 91ನೆಯ ಅಧ್ಯಾಯ. ಚಿನ್ನ, ಪ್ಲಾಟಿನಂನಂಥ ಅಮೂಲ್ಯ ಲೋಹದ ಕೇಸಾದರೆ 9101, ಬೇರೆ ಲೋಹವಾದರೆ 9102. ನನ್ನದು ಸ್ಟೀಲ್, ಸ್ವಯಂಚಾಲಿತ: 9102.21. ಅವನು 9101 ಎಂದು ಬರೆದು ನನ್ನ ಸ್ಟೀಲನ್ನು ಚಿನ್ನ ಮಾಡಿದ್ದ.

ಡಯಲ್‌ನ ಚಿತ್ರ ಕಳಿಸಿದೆ. ಅದು ಸಾಲದು, ತಿದ್ದಿದ ಬಿಲ್ಲು ಮತ್ತು ಖಾತರಿ ಪತ್ರ ಬೇಕು ಎಂದರು. ವ್ಯಾಪಾರಿಗೆ ಬರೆದೆ. ಅವನು ರಜೆಯಲ್ಲಿದ್ದ. ಒಂಬತ್ತು ದಿನ. ದಾಸ್ತಾನಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿತ್ತು. ನೀವು ಹೊರದೇಶದಿಂದ ತರಿಸುವುದಾದರೆ ಹಣ ಕಳಿಸುವ ಮುನ್ನವೇ ಬಿಲ್ಲಿನ ಕರಡನ್ನು ಕೇಳಿ ತರಿಸಿಕೊಳ್ಳಿ. ಮೂಲ ದೇಶ, ಸರಕಿನ ಸಂಖ್ಯೆ, ಕೇಸಿನ ಲೋಹ, ಪಟ್ಟಿ ಯಾವುದರದು ಎಂಬ ನಾಲ್ಕು ಸಂಗತಿಗಳನ್ನು ಓದಿ ನೋಡಿ.

ಪಟ್ಟಿ ಎಂದೆನಲ್ಲ, ಎರಡನೆಯ ಪತ್ರ ಅದರ ಬಗ್ಗೆಯೇ ಬಂತು. ಮೊಸಳೆಯ ಜಾತಿಗಳೆಲ್ಲವೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿವೆ. 1975ರಿಂದ ಜಾರಿಯಲ್ಲಿರುವ ಒಪ್ಪಂದ ಅದು. ಸಾಕಿದ ಪ್ರಾಣಿಯ ಚರ್ಮವಾದರೂ ಗಡಿ ದಾಟುವಾಗ ಪರವಾನಗಿ ಬೇಕು. ಪ್ರಯಾಣಿಕರು ಕೈಗೆ ಕಟ್ಟಿಕೊಂಡು ಬಂದರೆ ಅನೇಕ ದೇಶಗಳು ಸ್ವಂತ ಬಳಕೆಯ ವಸ್ತು ಎಂದು ವಿನಾಯಿತಿ ಕೊಡುತ್ತವೆ, ಪಾರ್ಸೆಲ್‌ಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಗಡಿಯಾರದ ಮೂಲ ದೇಶ ಯಾವುದು ಎಂದು ಹೆಣಗಾಡುತ್ತಿದ್ದ ನನಗೆ ಈಗ ಮೊಸಳೆಯ ಮೂಲ ದೇಶವನ್ನೂ ಹೇಳಿ ಎಂದರು. ವ್ಯಾಪಾರಿಗೆ ಗೊತ್ತಿರಲಿಲ್ಲ. ಮೊಸಳೆಗೆ ಗೊತ್ತಿದ್ದಿರಬಹುದು.

ಕೊನೆಗೆ ಪಟ್ಟಿಯನ್ನು ಬಿಟ್ಟುಕೊಡುತ್ತೇನೆಂದು ಸಹಿ ಹಾಕಿ ಗಡಿಯಾರವನ್ನು ಬಿಡಿಸಿಕೊಂಡೆ. ಇಪ್ಪತ್ತಮೂರು ದಿನ ಕಳೆದಿದ್ದವು. ದಾಸ್ತಾನಿನ ಬಾಡಿಗೆ ಒಂದು ಹೊಸ ಪಟ್ಟಿಯ ಬೆಲೆಗಿಂತ ಹೆಚ್ಚಾಗಿತ್ತು. ಪಟ್ಟಿ ಕಳಚಿ ಕಳಿಸು ಎಂಬ ಒಂದು ಸಾಲನ್ನು ಮೊದಲೇ ಬರೆದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಗಡಿಯಾರ ಚೆಂದವಿತ್ತು, ಅದನ್ನು ಹೇಳಲೇಬೇಕು. ಆ ದಿನವೆಲ್ಲ ಪಟ್ಟಿಯಿಲ್ಲದ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿದೆ. ರಾತ್ರಿ ದೀಪ ಆರಿಸಿದಾಗ ಗಂಟೆಯ ಗುರುತುಗಳೂ ಮುಳ್ಳುಗಳೂ ಹಸಿರಾಗಿ ಹೊಳೆದವು. ಮಗುವಿನಂತೆ ಖುಷಿಪಟ್ಟೆ. ಮರುದಿನ ಗಡಿಯಾರ ಬಲ್ಲ ಗೆಳೆಯನಿಗೆ ಅದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘1995ರದು ಹೊಳೆಯಬಾರದಲ್ಲ’ ಎಂದ.

ಆ ಕಾಲದ ಬಹುಪಾಲು ಇಂಥ ಗಡಿಯಾರಗಳಲ್ಲಿ ಬೆಳಗುತ್ತಿದ್ದುದು ಟ್ರಿಟಿಯಂ, ಅಲ್ಪ ವಿಕಿರಣ ಸೂಸುವ ವಸ್ತು. ಅದರ ಅರ್ಧಾಯುಷ್ಯ, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 12.3 ವರ್ಷ, ಆದ್ದರಿಂದ ಇಷ್ಟು ವರ್ಷಗಳಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ತಣ್ಣಗಾಗಿರಬೇಕು. ಅಷ್ಟೇ ಅಲ್ಲ, ಟ್ರಿಟಿಯಂ ಇರುವುದನ್ನು ಡಯಲ್‌ನ ತಳದಲ್ಲೇ ಸೂಚಿಸುತ್ತಿದ್ದರು: ದೇಶದ ಹೆಸರಿನ ಎರಡು ಬದಿಗೂ ಇಂಗ್ಲಿಷಿನ ‘ಟಿ’ ಅಕ್ಷರ, ‘ಟಿ ಸ್ವಿಸ್ ಮೇಡ್ ಟಿ’ ಎಂದು. 1990ರ ದಶಕದ ಕೊನೆಯಲ್ಲಿ ವಿಕಿರಣವಿಲ್ಲದ ಲ್ಯೂಮಿನೋವಾ ಎಂಬ ಹೊಳೆಯುವ ಬಣ್ಣ ಬಂದಾಗ ಆ ಟಿಗಳು ಕಣ್ಮರೆಯಾದವು. (ಸ್ವಿಸ್ ಗಡಿಯಾರಗಳನ್ನು ಕತ್ತಲಲ್ಲಿ ಬೆಳಗಿಸುವ ಆ ಬಣ್ಣವನ್ನು 1993ರಲ್ಲಿ ಕಂಡುಹಿಡಿದದ್ದು ಜಪಾನಿನ ನೆಮೊಟೊ ಕಂಪನಿ. ಮೂಲ ದೇಶದ ಮಾತು ಎಷ್ಟು ಜಾರುತ್ತದೆ ನೋಡಿ.) ನನ್ನ ಡಯಲ್‌ನಲ್ಲಿ ಟಿ ಇರಲಿಲ್ಲ. ಮೂರು ದಿನ ದಿಟ್ಟಿಸಿ ನೋಡಿದ್ದ ಆ ಎರಡು ಪದಗಳೇ ನನಗೆ ಸುಳಿವು ಕೊಡುತ್ತಿದ್ದವು, ನಾನು ಅವುಗಳಲ್ಲಿ ದೇಶವನ್ನು ಮಾತ್ರ ಓದಿದ್ದೆ.

ಆ ವಾರ ಕೆಟ್ಟದಾಗಿತ್ತು. ಗಡಿಯಾರವೇ ನಕಲಿ ಇರಬೇಕು ಎನ್ನಿಸಿತು. ಮನೆಯವರಿಗೆ ಹೇಳಲಿಲ್ಲ. ಕೈಗೆ ಕಟ್ಟಲು ಪಟ್ಟಿಯಿಲ್ಲ ಎಂಬುದೇ ಒಳ್ಳೆಯ ನೆಪವಾಯಿತು.

ಅನುಭವಸ್ಥ ಗಡಿಯಾರ ದುರಸ್ತಿಗಾರರ ಬಳಿ ಹೋದೆ. ಅವರು ಹಿಂಬದಿಯ ಮುಚ್ಚಳ ಬಿಚ್ಚುವ ಮುನ್ನ ಎರಡು ಮಾತು ಹೇಳಿದರು: ತೆರೆದ ಮೇಲೆ ರಬ್ಬರಿನ ಬಳೆ ಬದಲಿಸಬೇಕು, ನೀರು ತಡೆಯುವ ಒತ್ತಡದ ಪರೀಕ್ಷೆ ಮತ್ತೆ ಮಾಡಿಸಬೇಕು. ಎರಡಕ್ಕೂ ಬೇರೆ ಶುಲ್ಕ. ನೀವೂ ತೆರೆಸುವಿರಾದರೆ ಈ ಎರಡನ್ನು ಬಿಡಬೇಡಿ. ಒಳಗೆ ಯಂತ್ರದ ಮೇಲೆ ತಯಾರಕರ ಗುರುತು, ಹರಳುಗಳ ಸಂಖ್ಯೆ, ‘ಸ್ವಿಸ್’ ಎಂಬ ಕೆತ್ತನೆ, ಕ್ರಮಸಂಖ್ಯೆ ಎಲ್ಲವೂ ಇದ್ದವು. ಕ್ರಮಸಂಖ್ಯೆ ಖಾತರಿ ಪತ್ರಕ್ಕೆ ಹೊಂದಿತು. ಅವರು ಕಣ್ಣಿನಿಂದ ಮಸೂರ ತೆಗೆದು, ‘ಯಂತ್ರ ಅಸಲಿ, ಕೇಸು ಅಸಲಿ. ಡಯಲ್ ಕೂಡ ಅಸಲಿಯೇ, ಆದರೆ ಇದರ ಜೊತೆ ಹುಟ್ಟಿದ್ದಲ್ಲ’ ಎಂದರು.

ಹುಟ್ಟಿದ್ದು ಯಾವಾಗ ಎಂದು ತಿಳಿಯಲು ತಯಾರಕರಿಗೆ ಬರೆದೆ. ಹಳೆಯ ದಾಖಲೆಯ ಪ್ರತಿಗೆ ಶುಲ್ಕ ಕಟ್ಟಬೇಕು, ಎರಡು ಸಂಖ್ಯೆಗಳ ಚಿತ್ರ ಕಳಿಸಬೇಕು, ಕಾಯಬೇಕು. ಏಳು ವಾರ ಕಾದೆ. ಕಾಯುವಾಗ ಸುಮ್ಮನಿರಲಾಗದೆ ಬೇರೆ ದೇಶಗಳ ನಿಯಮಗಳನ್ನು ಓದಿದೆ, ಅದರಲ್ಲಿ ಕೆಲವು ನಿಮಗೂ ಉಪಯೋಗಕ್ಕೆ ಬರಬಹುದು. ಜರ್ಮನಿಯಲ್ಲಿ ಒಂದು ಸಣ್ಣ ಊರಿನ ಹೆಸರಿಗೇ ಕಾನೂನಿನ ರಕ್ಷಣೆಯಿದೆ. ಸ್ಯಾಕ್ಸನಿಯ ಗ್ಲಾಸ್‌ಹ್ಯೂಟೆ ಎಂಬ ಹೆಸರು ಡಯಲ್ ಮೇಲೆ ಬರಬೇಕಾದರೆ ಮೌಲ್ಯದ ಅರ್ಧಕ್ಕಿಂತ ಹೆಚ್ಚು ಆ ಊರಿನಲ್ಲೇ ಸೃಷ್ಟಿಯಾಗಬೇಕು. ಈ ನಿಯಮ ಸರ್ಕಾರಿ ಆಜ್ಞೆಯಾದದ್ದು 2022ರಲ್ಲಿ. ಅಮೆರಿಕದಲ್ಲಿ ಯಾವ ವಿಶೇಷಣವೂ ಇಲ್ಲದೆ ಆ ದೇಶದಲ್ಲಿ ತಯಾರಾದದ್ದು ಎಂದು ಹೇಳಿಕೊಳ್ಳಬೇಕಾದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಯದೇ ಆಗಿರಬೇಕು, ಅರ್ಧ ಮುಕ್ಕಾಲಿನ ಲೆಕ್ಕ ನಡೆಯುವುದಿಲ್ಲ. ಜಪಾನಿನ ‘ಗ್ರ್ಯಾಂಡ್ ಸೈಕೊ’ ತನ್ನ ಯಾಂತ್ರಿಕ ಗಡಿಯಾರಗಳನ್ನು ಶಿಜುಕುಇಶಿಯಲ್ಲಿ ತಯಾರಿಸುತ್ತದೆ. ಅದನ್ನು ಸ್ವಿಸ್ ಅಲ್ಲ ಎಂಬ ಕಾರಣಕ್ಕೆ ನಾನು ಅಂಗಡಿಯಲ್ಲಿ ಕೈಗೂ ತೆಗೆದುಕೊಂಡಿರಲಿಲ್ಲ. ಈಗ ಅದೊಂದು ಪಶ್ಚಾತ್ತಾಪ.

ಓದಿದ್ದರಲ್ಲಿ ನಗು ತರಿಸಿದ್ದು ಎಚ್. ಮೋಸರ್ ಎಂಬ ಸ್ವಿಸ್ ಗಡಿಯಾರ ಕಂಪನಿಯ ಸಂಗತಿ. ಶೇಕಡ 60 ಎನ್ನುವುದೇ ತೀರಾ ಸಡಿಲ, ನಮ್ಮದು ಅದಕ್ಕಿಂತ ಎಷ್ಟೋ ಹೆಚ್ಚು ಎಂದು ಪ್ರತಿಭಟಿಸಿ ಅವರು 2017ರಲ್ಲಿ ತಮ್ಮ ಡಯಲ್‌ಗಳಿಂದ ‘ಸ್ವಿಸ್ ಮೇಡ್’ ಎಂಬುದನ್ನೇ ತೆಗೆದುಹಾಕಿದರು. ಜೊತೆಗೆ ಸ್ವಿಸ್ ಚೀಸನ್ನು ಬೆರೆಸಿದ ವಸ್ತುವಿನಿಂದ ಕೇಸು ಮಾಡಿ ಒಂದು ಗಡಿಯಾರವನ್ನೂ ಪ್ರದರ್ಶಿಸಿದರು. ಪಟ್ಟಿ ಸ್ವಿಸ್ ಹಸುವಿನ ಚರ್ಮದ್ದು. ಹಾಗಾಗಿ ಆ ಪದಗಳಿಲ್ಲದ ಗಡಿಯಾರವೆಲ್ಲ ಕೀಳು ಎಂದೂ ತಿಳಿಯಬೇಡಿ. ಹಾಗೆಯೇ ಡಯಲ್ ಮೇಲಿನ ಬೇರೆ ಮುದ್ರೆಗಳನ್ನು ದೇಶದ ಗುರುತೆಂದು ಭ್ರಮಿಸುವುದೂ ಬೇಡ. ‘ಕ್ರೋನೋಮೀಟರ್’ ಎಂಬುದು ಯಂತ್ರದ ನಿಖರತೆಯ ಮಾತು: ಹದಿನೈದು ದಿನ ಐದು ಭಂಗಿಗಳಲ್ಲಿ ಪರೀಕ್ಷಿಸಿ, ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ಮಿತಿಯೊಳಗಿದ್ದರೆ ಕೊಡುವ ಮಾನ್ಯತೆ. ಚಿನ್ನದ ಕೇಸಿನೊಳಗಿನ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಮುದ್ರೆ ಲೋಹದ ಶುದ್ಧತೆಯ ಮಾತು.

ಪತ್ರ ಬಂತು. ಎರಡೇ ಪುಟ. 1995ರಲ್ಲಿ ತಯಾರಾದದ್ದು, ಸಂಖ್ಯೆಗಳು ಹೊಂದುತ್ತವೆ. ಡಯಲ್ ಬಗ್ಗೆ ಒಂದು ಮಾತೂ ಇಲ್ಲ. ದಾಖಲೆಯ ಪ್ರತಿ ಗಡಿಯಾರ ಕಾರ್ಖಾನೆಯಿಂದ ಹೊರಟ ದಿನದ ಸಂಗತಿಯನ್ನಷ್ಟೇ ಹೇಳುತ್ತದೆ, ಆಮೇಲೆ ಏನಾಯಿತು ಎಂಬುದು ಸರ್ವಿಸ್ ಕೇಂದ್ರದ ಕಡತದಲ್ಲಿರುತ್ತದೆ. ಇದು ಎರಡು ಬೇರೆಬೇರೆ ವಿಭಾಗ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಇನ್ನೊಂದು ಅರ್ಜಿ, ಇನ್ನೂ ಹದಿನೆಂಟು ದಿನ. ಕೊನೆಗೆ ಉತ್ತರ: 2004ರಲ್ಲಿ ಸರ್ವಿಸ್ ಆದಾಗ ಡಯಲನ್ನೂ ಮುಳ್ಳುಗಳನ್ನೂ ಬದಲಿಸಲಾಗಿದೆ. ಹಳೆಯ ಟ್ರಿಟಿಯಂ ಇದ್ದವನ್ನು ತೆಗೆದು ವಿಕಿರಣವಿಲ್ಲದ ಹೊಸವನ್ನು ಹಾಕಿದ್ದಾರೆ. ಮೋಸವಲ್ಲ, ತಯಾರಕರೇ ಮಾಡಿದ ಕೆಲಸ. ಆ ಸಾಲು ಓದಿ ಕುರ್ಚಿಯಲ್ಲಿ ಹಾಗೇ ಕುಳಿತೆ. ಗಡಿಯಾರ ನನ್ನದಾದದ್ದು ಆ ಹೊತ್ತಿಗೆ ಎನ್ನಬೇಕು.

ಆದರೆ ‘ಎಲ್ಲ ಭಾಗಗಳೂ ಮೂಲದ್ದೇ’ ಎಂಬ ವ್ಯಾಪಾರಿಯ ವಾಕ್ಯ ಸುಳ್ಳಾಯಿತು. ಸಂಗ್ರಹಕಾರರು ಮೂಲ ಡಯಲ್‌ಗೆ ಹೆಚ್ಚು ಬೆಲೆ ಕೊಡುತ್ತಾರೆ, ಬದಲಿಸಿದ ಡಯಲ್‌ಗೆ ಕಡಿಮೆ. ಅವನ ವಾಕ್ಯದ ಪ್ರತಿ, ಸರ್ವಿಸ್ ಕೇಂದ್ರದ ಉತ್ತರ, ದುರಸ್ತಿಗಾರರ ಟಿಪ್ಪಣಿ ಮೂರನ್ನೂ ಜೋಡಿಸಿ ಬರೆದೆ. ಮೊದಲು ‘ಇದು ಸಾಮಾನ್ಯ’ ಎಂದ, ಆಮೇಲೆ ‘ನೀವು ಕೇಳಲಿಲ್ಲ’ ಎಂದ, ಒಂಬತ್ತನೆಯ ಪತ್ರದ ಹೊತ್ತಿಗೆ ಕೊಟ್ಟ ಹಣದ ಹತ್ತನೆಯ ಒಂದು ಭಾಗವನ್ನು ಹಿಂದಿರುಗಿಸಿದ. ಪರೀಕ್ಷೆ, ದಾಖಲೆ, ಬಾಡಿಗೆಗಳಿಗೆ ನಾನು ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ಜಾಹೀರಾತಿನ ಪುಟವನ್ನು ಕೊಂಡ ದಿನವೇ ಉಳಿಸಿಟ್ಟುಕೊಂಡಿದ್ದೆ ಎಂಬುದೊಂದೇ ನಾನು ಮಾಡಿದ ಜಾಣತನ. ವಾರದೊಳಗೆ ಅವನು ಆ ಪುಟವನ್ನು ತೆಗೆದುಹಾಕಿದ್ದ.

ಕರುವಿನ ಚರ್ಮದ ಸಾದಾ ಪಟ್ಟಿ ಹಾಕಿಸಿದೆ. ಅದರ ಒಳಮೈಯಲ್ಲಿ ಇಟಲಿ ಎಂದಿದೆ.

ಮೊನ್ನೆ ಸಂಜೆ, ಭೂತಗನ್ನಡಿ ಹೇಗೂ ಮೇಜಿನ ಮೇಲೇ ಇದ್ದುದರಿಂದ, ಅಪ್ಪನ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದೆ. ಗಾಜು ಗೀರಿ ಮಬ್ಬಾಗಿದೆ. ಆರು ಗಂಟೆಯ ಕೆಳಗೆ ‘ಸ್ವಿಸ್’ ಎಂಬುದು ಚೆನ್ನಾಗಿಯೇ ಕಾಣುತ್ತದೆ. ಅದರ ಪಕ್ಕದ ಪದ ಅರ್ಧ ಅಳಿಸಿದೆ. ದೀಪದ ಕೆಳಗೆ ಓರೆಯಾಗಿ ಹಿಡಿದು ಓದಿದೆ: ‘ಪಾರ್ಟ್ಸ್’. ಬಿಡಿಭಾಗಗಳು ಅಲ್ಲಿಂದ ಬಂದವು, ಜೋಡಿಸಿದ್ದು ಬೇರೆಲ್ಲೋ ಎಂದು ಅರ್ಥ. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ, ಈಗ ಕೇಳುವಂತಿಲ್ಲ. ಕೀ ಕೊಟ್ಟೆ. ಒಂದು ಕ್ಷಣ ತಡೆದು ಓಡತೊಡಗಿತು. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿದೆ.